ಬಡಿದು ನೋಡುವ ಬೀಗರು

ನಮ್ಮ ಬೀಗರು ರುದ್ರಪ್ಪನವರು ಯಾವ ವಸ್ತುವನ್ನೂ ಮೊದಲು ಕಣ್ಣಿಂದ ನೋಡಿದವರಲ್ಲ. ಬೆರಳಿನ ಗೆಣ್ಣು ಮಡಚಿ ಟಕ್ ಟಕ್ ಅಂತ ಬಡಿಯೋರು, ಕಿವಿ ಹಚ್ಚೋರು, ಆಮೇಲೆ ಕಣ್ಣು. ಖಾನಾಪುರದ ಹಂಚಿನ ಕಾರ್ಖಾನೆಯಲ್ಲಿ ಸುಟ್ಟ ಹಂಚು ಬಡಿದು, ಒಡಕು ಯಾವುದು, ಗಟ್ಟಿ ಯಾವುದು ಅಂತ ಬೇರೆ ಮಾಡುವುದೇ ಅವರ ಜೀವಮಾನದ ಕೆಲಸ. ಕೆಲಸ ಬಿಟ್ಟ ಮೇಲೂ ಬೆರಳು ಬಿಡಲಿಲ್ಲ. ತೆಂಗಿನಕಾಯಿ, ಕೊಡ, ಬಾಗಿಲು, ಬಸ್ಸಿನ ತಗಡು, ಎಲ್ಲಕ್ಕೂ ಟಕ್ ಟಕ್.

ನನ್ನ ಮಗಳನ್ನು ನೋಡಲು ನಮ್ಮ ಶಹಾಪುರದ ಮನೆಗೆ ಬಂದಾಗಲೂ ಹಾಗೇ. ಎಲ್ಲರೂ ಹುಡುಗಿಯ ಮುಖ ನೋಡುತ್ತಿದ್ದರೆ ಇವರು ಎದ್ದು ಹೋಗಿ ಮಗ್ಗದ ಕಂಬ ಬಡಿದರು, ಗೋಡೆ ಬಡಿದರು. ನಮ್ಮ ಮನೆಯವರ ಮುಖ ಗಂಟಾಯಿತು. "ಅಕ್ಕಾರ, ಮನಿ ಗಟ್ಟಿ ಐತಿ. ಹುಡುಗಿನ್ನ ಬ್ಯಾರೆ ಕೇಳೂದು ಏನೈತ್ರಿ?" ಅಂದರು ನನಗೆ. ಮದುವೆ ಆಯಿತು.

ಈಗ ನಾನು ಹೇಳಬೇಕು ಅಂತ ಹೊಟ್ಟೆ ತುಂಬ ಇಟ್ಟುಕೊಂಡಿದ್ದು ಮೊಮ್ಮಗಳು ಸವಿತಾಳ ಕಂಪ್ಯೂಟರಿನ ಮಾತು. ನಾನು ನಾಲ್ಕನೇ ಇಯತ್ತೆ ಓದಿದವಳು, ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿ ಬಾಳ್ವೆ ಮಾಡಿದವಳು. ಬರೆಯುವುದು ಹಿಂದು ಮುಂದು ಆದೀತು, ಸಂತೋಷಕ್ಕೆ ಕೈ ನಿಲ್ಲುವುದಿಲ್ಲ.

ಸವಿತಾ ನಮ್ಮ ಮನೆಯಲ್ಲಿದ್ದೇ ಕಾಲೇಜು ಮುಗಿಸಿ, ಕಂಪ್ಯೂಟರ್ ಕ್ಲಾಸೂ ಮಾಡಿದಳು. ನಮ್ಮ ಓಣಿಯ ಸೀರೆ ಸಾವುಕಾರರು ಒಂದು ದಿನ ಅಂದರು: "ನಮ್ಮ ಬಿಲ್ಲಿನ ಕೆಲಸ ಎಲ್ಲಾ ನಿನಗ ಕೊಡ್ತೇನಿ. ಮಷಿನ್ ಮಾತ್ರ ನಿಂದು. ಮುಂದಿನ ಮಂಗಳವಾರ ಮಧ್ಯಾಹ್ನ ಬಂದು ನೋಡ್ತೇನಿ. ನಡದಿರಬೇಕು. ಇಲ್ಲಂದ್ರ ಈ ಕೆಲಸ ಕ್ಯಾಂಪ್ ಓಣಿಯ ಹುಡುಗರು ಕೇಳಾಕತ್ತಾರ."

ಕಂಪನಿಯ ಕಂಪ್ಯೂಟರ್ ನಮ್ಮಂಥವರಿಗೆ ಎಟುಕುವ ಕಾಲ ಅದಲ್ಲ. ಸಾಮಾನು ಬಿಡಿ ಬಿಡಿ ತಂದು ತಾನೇ ಜೋಡಿಸುತ್ತೇನೆ ಅಂದಳು ಸವಿತಾ. ಎರಡೂ ಮನೆಯವರು ಕೈಲಾದಷ್ಟು ಕೂಡಿಸಿದೆವು. ಒಂದು ಸಾಮಾನು ಸುಟ್ಟರೆ ಎರಡನೇ ಸಲ ತರುವ ಮಾತೇ ಇಲ್ಲ.

ಬೀಗರು ಖಾನಾಪುರದಿಂದ ಬಂದರು. ಮೂವರೂ ಅಂಗಡಿಗೆ ಹೋದೆವು. ಹೋದವರೇ ಬೀಗರು ಗಾಜಿನ ಕಪಾಟಿನ ಮೇಲಿದ್ದ ಫ್ಲಾಪಿ ಡ್ರೈವನ್ನು ಟಕ್ ಟಕ್ ಅಂತ ಬಡಿದರು.

"ಅಜ್ಜಾರ, ಅದನ್ನ ಬಡೀಬ್ಯಾಡ್ರಿ. ಕೆಟ್ಟೀತು," ಅಂದ ಅಂಗಡಿಯವ.

"ಬಡದ್ರ ಕೆಡೂದು ಇಲ್ಲೇ ಕೆಡಲಿ. ಮನಿಗೆ ಒಯ್ದು ಕೆಟ್ಟರ ನೀ ತಿರುಗಿ ತಗೋತಿಯೇನು?"

ಸವಿತಾ ನಾಚಿ ಅವರ ಕೈ ಹಿಡಿದುಕೊಂಡಳು. "ಅಜ್ಜಾ, ಇದು ಹಂಚಲ್ಲ. ನೀ ಒಂದನ್ನೂ ಮುಟ್ಟಬಾರದು."

ಅಂಗಡಿಯವ ಮದರ್ ಬೋರ್ಡ್ ತೆಗೆದಾಗ ಅದು ಏನು ಅಂತ ಬೀಗರು ಕೇಳಿದರು. ಎಲ್ಲ ಸಾಮಾನೂ ಇದರ ಮೇಲೆಯೇ ಕೂರುವುದು, ಇದು ತಾಯಿ ಇದ್ದಂಗ ಅಂದಳು. "ಹಂಗಾರ ಅವ್ವನ್ನ ಚಲೋ ನೋಡಿ ತಗೊ. ಉಳದವರು ಹೆಂಗಿದ್ರೂ ನಡೀತದ," ಅಂದು ನನ್ನ ಕಡೆ ನೋಡಿ ನಕ್ಕರು. ಬಣ್ಣದ ಪರದೆಗೆ ಅವರ ಮನಸ್ಸಿತ್ತು. ಸವಿತಾ ಹಸಿರು ಅಕ್ಷರದ್ದು ಸಾಕು ಅಂದಳು. ಹಾರ್ಡ್ ಡಿಸ್ಕ್ ಬಿಟ್ಟಳು, ಎರಡು ಫ್ಲಾಪಿ ಡ್ರೈವಿನಲ್ಲೇ ಕೆಲಸ ತೆಗೆಯುತ್ತೇನೆ ಅಂದಳು. ಆದರೆ ಕರೆಂಟಿನ ಪೆಟ್ಟಿಗೆಯ ಮುಂದೆ ಬಂದು ನಿಂತುಬಿಟ್ಟಳು. ನಮ್ಮ ಓಣಿಯಲ್ಲಿ ಪವರ್‌ಲೂಮುಗಳು ಒಮ್ಮೆಲೇ ಶುರುವಾದರೆ ದೀಪ ಕಣ್ಣು ಮುಚ್ಚುತ್ತದೆ, ಒಮ್ಮೆಲೇ ನಿಂತರೆ ಉರಿದು ಏಳುತ್ತದೆ. ಆ ಏರಿಳಿತ ತಡೆಯುವ ಪೆಟ್ಟಿಗೆ ಬೇಕು. ಅಂಗಡಿಯಲ್ಲಿದ್ದದ್ದು ಹಗುರದ್ದು.

"ಇದು ಬ್ಯಾಡ. ಇದು ಸುಟ್ಟರ ಅವ್ವನ್ನೂ ಸುಡ್ತದ," ಅಂದಳು.

ಪುಣೆಯಲ್ಲಿ ಬೀಗರ ತಂಗಿಯ ಮಗ ಇದ್ದ. ಅವನಿಂದ ಚಲೋದು ತರಿಸುತ್ತೇನೆ ಅಂತ ಹೇಳಿ ಬೀಗರು ಖಾನಾಪುರಕ್ಕೆ ಹೋದರು.

ಭಾನುವಾರ ಓಣಿಯ ಕಿರಾಣಿ ಅಂಗಡಿಗೆ ಖಾನಾಪುರದಿಂದ ಫೋನ್ ಬಂತು. ಅಂಗಡಿಯ ಬಸಣ್ಣ ಓಡಿ ಬಂದು ಹೇಳಿದ: "ನಿಮ್ಮ ಬೀಗರು ರೀ. 'ಪೆಟ್ಟಿಗಿ ಪರವಾ ಪುಣೆ ಬಸ್ಸಿಗೆ' ಅಂದ್ರು. ಲೈನ್ ಕಟ್ಟಾತು."

ಪರವಾ. ಈ ಒಂದು ಮರಾಠಿ ಮಾತು ನಮ್ಮನ್ನು ಅರ್ಧ ಕೊಂದಿತು. ಪರವಾ ಅಂದರೆ ಮೊನ್ನೆನೂ ಹೌದು, ನಾಡಿದ್ದೂ ಹೌದು. ಬಂತು ಅಂದರೆ ಮೊನ್ನೆ, ಬರ್ತದ ಅಂದರೆ ನಾಡಿದ್ದು. ಆ ಕೊನೆಯ ಮಾತೇ ತಂತಿಯಲ್ಲಿ ಉಳಿದುಬಿಟ್ಟಿತ್ತು.

"ಮೊನ್ನೆನ ಬಂದದ, ಆಯಿ. ಸ್ಟ್ಯಾಂಡಿನ್ಯಾಗ ಬಿದ್ದದ," ಅಂದಳು ಸವಿತಾ. ಬಸ್ ಸ್ಟ್ಯಾಂಡಿಗೆ ಓಡಿದೆವು. ಪಾರ್ಸಲ್ ಕೋಣೆಯವ ಮೂಲೆ ಮೂಲೆ ತೋರಿಸಿದ. ಮಾವಿನ ಬುಟ್ಟಿ ಇತ್ತು, ಯಾರದೋ ಹೊಲಿಗೆ ಯಂತ್ರ ಇತ್ತು, ನಮ್ಮದಿರಲಿಲ್ಲ. ಸೋಮವಾರ ಮತ್ತೆ ಹೋದೆವು. ಖಾನಾಪುರದ ಕಾರ್ಖಾನೆಗೆ ಫೋನ್ ಹಚ್ಚಿಸಿದರೆ ಗುಮಾಸ್ತ ಹೇಳಿದ, "ರುದ್ರಪ್ಪಜ್ಜಾರು ಪುಣೆಗೆ ಹೋಗ್ಯಾರ್ರಿ."

ಸವಿತಾ ಫೋನ್ ಕೆಳಗಿಟ್ಟಳು. "ಕಳದ ಪೆಟ್ಟಿಗಿ ಹುಡಕಾಕ ಹೋಗ್ಯಾರ. ಮುಗೀತು, ಆಯಿ."

ಮಂಗಳವಾರ ಬೆಳಿಗ್ಗೆ ಅಂಗಡಿಯಿಂದ ಅದೇ ಹಗುರ ಪೆಟ್ಟಿಗೆ ತಂದಳು. ನಾನು ಕಂಡಿಕೆ ಸುತ್ತುವ ರಾಟಿ ಸರಿಸಿ ಜಾಗ ಮಾಡಿಕೊಟ್ಟಿದ್ದೆ. ಅಲ್ಲೇ ಕೂತು ತಂತಿ ಹಚ್ಚಿದಳು. ಹೊರಗೆ ಲೂಮುಗಳು ಖಟಾಖಟ್ ಹೊಡೆಯುತ್ತಿದ್ದವು. ತಲೆಯ ಮೇಲಿನ ದೀಪ ಒಮ್ಮೆ ಮಂಕು, ಒಮ್ಮೆ ಝಗ್. ಸಾವುಕಾರರು ಬರುವ ಹೊತ್ತಾಗುತ್ತಿತ್ತು.

"ಲೂಮ್ ನಿಲ್ಲೂತನಾ ತಡಿಯವ್ವ," ಅಂದೆ.

"ನಿಲ್ಲೂವಾಗನ ಭಾಳ ಅಂಜಿಕಿ. ಈಗ ಹಚ್ಚಿದ್ರ ಹಚ್ಚಿದಂಗ," ಅಂದಳು. ಬೆರಳು ಸ್ವಿಚ್ಚಿನ ಮೇಲೆ ಇಟ್ಟಳು. ನಾನು ಬಸವಣ್ಣನನ್ನು ನೆನೆದು ಕಣ್ಣು ಮುಚ್ಚಿದೆ.

ಟಕ್ ಟಕ್.

ಬಾಗಿಲು. ಬಡಿದು, ತಡೆದು, ಮತ್ತೆ ಬಡಿಯುವ ಆ ಬಗೆ. ಬಾಗಿಲು ತೆಗೆಯಲಿ ಅಂತ ಬಡಿದದ್ದಲ್ಲ ಅದು, ಬಾಗಿಲು ಹೇಗಿದೆ ಅಂತ ಕೇಳಿದ್ದು.

"ಕೈ ತಗಿ," ಅಂತ ಕೂಗಿದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಬೀಗರು ಎದೆಗೆ ಒಂದು ಗಂಟು ಅಪ್ಪಿಕೊಂಡು ನಿಂತಿದ್ದರು. ಕಂಬಳಿ ಬಿಚ್ಚಿದರೆ ಒಳಗೆ ಪೆಟ್ಟಿಗೆ. ನಿದ್ದೆಗೆಟ್ಟು ಕಣ್ಣು ಕೆಂಪಾಗಿದ್ದವು.

"ಎಲ್ಲಿದ್ರಿ, ಬೀಗರ? ಪೆಟ್ಟಿಗಿ ಮೊನ್ನೆ ಬಂದದ ಅಂತ ನಾವು ಸ್ಟ್ಯಾಂಡ್ ಎಲ್ಲಾ ಜಾಲಾಡಿದ್ವಿ."

"ಮೊನ್ನೆ ಯಾರ ಅಂದ್ರು? ಪರವಾ ಅಂದಿದ್ದೆ. ಇವತ್ತ ಪರವಾ ಅಲ್ಲೇನು?" ಅಂದರು, ತಪ್ಪೆಲ್ಲ ನಮ್ಮದೇ ಅನ್ನುವ ಹಾಗೆ. "ಒಂದ ಪೆಟ್ಟಿಗಿನ ಬಸ್ಸಿನ್ಯಾಗ ಹೆಂಗ ಬಿಡೂದು, ಅಕ್ಕಾರ? ಹೋಗಿ ತೊಡಿ ಮ್ಯಾಲ ಇಟಗೊಂಡು ಬಂದೆ. ಬಾಜೂದಾಂವ ಕೂಸೇನ್ರಿ ಅಂತ ಕೇಳಿದ. ಹೌದು, ಮೊಮ್ಮಗಳದು ಅಂದೆ."

ಸವಿತಾ ಅಳುತ್ತಲೇ ಹಗುರದ್ದನ್ನು ಬಿಚ್ಚಿ ಪುಣೆಯದನ್ನು ಕೂರಿಸಿದಳು. ಸ್ವಿಚ್ ಒತ್ತಿದಳು. ಅಷ್ಟರಲ್ಲೇ ಊಟದ ಹೊತ್ತೆಂದು ಓಣಿಯ ಲೂಮುಗಳು ಗಪ್ ಅಂತ ನಿಂತವು, ದೀಪ ಝಗ್ ಅಂತ ಎದ್ದಿತು. ಪೆಟ್ಟಿಗೆ ಗುಂಯ್ ಅನ್ನುತ್ತಲೇ ಇತ್ತು. ಕರೀ ಪರದೆಯ ಮೂಲೆಯಲ್ಲಿ ಒಂದು ಹಸಿರು ಅಕ್ಷರ, ಅದರ ಬೆನ್ನಿಗೆ ಸಾಲು ಸಾಲು. ನನಗೆ ಒಂದೂ ಓದಲು ಬರಲಿಲ್ಲ. ಇಷ್ಟು ಚೆಂದದ ಬರಹ ನಾನು ಕಂಡಿಲ್ಲ.

ಬೀಗರು ಗೆಣ್ಣು ಮಡಚಿ ಕೈ ಎತ್ತಿದವರು ಅರ್ಧಕ್ಕೇ ನಿಂತು ಮೊಮ್ಮಗಳ ಮುಖ ನೋಡಿದರು. "ಬಡೀಲೇನವಾ?"

"ಬಡಿ, ಅಜ್ಜಾ. ಮೆಲ್ಲಕ."

ಕಂಪ್ಯೂಟರಿನ ಡಬ್ಬಿಯನ್ನು ಹೂವು ಮುಟ್ಟಿದ ಹಾಗೆ ಬಡಿದರು. ಕಿವಿ ಹಚ್ಚಿದರು. "ಗಟ್ಟಿ ಐತಿ," ಅಂದರು.

ಸಾವುಕಾರರು ಬಂದರು, ನೋಡಿದರು, ಕೆಲಸ ಕೊಟ್ಟರು. ಈಗಲೂ ಅವರ ಅಂಗಡಿಯ ಬಿಲ್ಲು ನಮ್ಮ ಪಡಸಾಲೆಯ ಪ್ರಿಂಟರಿನಿಂದಲೇ ಕಿರ್ ಕಿರ್ ಅಂತ ಹೊರಗೆ ಬರುತ್ತದೆ.

ಅದೇ ಸಂಜೆ ಬೀಗರನ್ನು ಖಾನಾಪುರದ ಬಸ್ಸಿಗೆ ಕಳಿಸಲು ಹೋದೆ. ಹತ್ತುವ ಮೊದಲು ಬಸ್ಸಿನ ತಗಡು ಬಡಿದು, "ಪೂರಾ ಟೊಳ್ಳ ಐತ್ರಿ, ಅಕ್ಕಾರ," ಅಂದು ನಕ್ಕರು. ಕಿಟಕಿಯಿಂದ ಕೈ ಬೀಸಿ "ಪರವಾ" ಅಂತ ಏನೋ ಕೂಗಿದರು. ಮುಂದಿನ ಮಾತನ್ನು ಬಸ್ಸಿನ ಸದ್ದು ನುಂಗಿತು.

ಆ ಮಳೆಗಾಲ ಶುರುವಾಗುವ ಮೊದಲೇ, ಖಾನಾಪುರದ ತಮ್ಮ ಮನೆಯ ಕಟ್ಟೆಯ ಮೇಲೆ ಕೂತಲ್ಲೇ ಅವರು ತೀರಿಕೊಂಡರು. ಸವಿತಾ ದಿನಾ ಬೆಳಿಗ್ಗೆ ಕೆಲಸಕ್ಕೆ ಕೂರುವ ಮೊದಲು ಡಬ್ಬಿಯನ್ನು ಗೆಣ್ಣಿನಿಂದ ಬಡಿಯುತ್ತಾಳೆ. ಒಳಗೆ ರೊಟ್ಟಿ ತಟ್ಟುತ್ತಿದ್ದ ನನ್ನ ಕೈ ನಿಲ್ಲುತ್ತದೆ, ಬೀಗರು ಬಂದರೇನೋ ಅಂತ. ಗೊತ್ತಿಲ್ಲದ ಯಾರಾದರೂ, ನಿಮ್ಮ ಬೀಗರು ಬರುವುದು ಯಾವಾಗ, ಬಂದದ್ದು ಯಾವಾಗ ಅಂತ ಕೇಳಿದರೆ ನಾನು ಎರಡಕ್ಕೂ ಒಂದೇ ಉತ್ತರ ಕೊಡುತ್ತೇನೆ.

ಪರವಾ.