ಬ್ಲೋವರ್ ಸುಮ್ಮನಾದ ಮೇಲೆ

ಮಗು ಅತ್ತರೆ ಕೇಳಿಸುವುದಿಲ್ಲವಲ್ಲ ಎಂಬ ಚಿಂತೆ ಇಲಾರಿಯಾಳಿಗೆ ಅಂಟಿಕೊಂಡು ಹದಿನೈದು ದಿನವಾಗಿತ್ತು. ಕಾರ್ನಿಯಾ ಬೆಟ್ಟದ ಆ ಮನೆಯನ್ನು ಬೆಚ್ಚಗಿಡಲು ಇದ್ದದ್ದು ಒಂದೇ ಒಲೆ, ಮರದ ಹುಡಿಯ ಗುಳಿಗೆ ಉರಿಸುವ ಪೆಲೆಟ್ ಒಲೆ. ಅದರ ಬಿಸಿಗಾಳಿ ಊದುವ ಬ್ಲೋವರ್ ಈ ಚಳಿಗಾಲ ಗರಗರ ಅನ್ನಲು ಶುರುಮಾಡಿತ್ತು. ಆರಿಸಿದರೆ ಮೂರು ತಿಂಗಳ ಅಗಾತಾಗೆ ಚಳಿ. ಹಚ್ಚಿದರೆ ಪಕ್ಕದ ಕೋಣೆಯಲ್ಲಿ ಅವಳು ಅತ್ತದ್ದು ತಿಳಿಯುವುದಿಲ್ಲ. ಎರಡು ಸಲ ಹಾಗೇ ಆಗಿತ್ತು. ಅತ್ತೆ ನೀವೆಸ್ ಬಂದು ನೋಡಿದರೆ ಕೂಸು ಅತ್ತೂ ಅತ್ತೂ ಕೆಂಪಾಗಿದೆ, ಇಲಾರಿಯಾ ಅಡುಗೆಮನೆಯ ಮೇಜಿನ ಮುಂದೆ ಕೂತೇ ಇದ್ದಾಳೆ.

"ಕಿವಿ ಎಲ್ಲಿಟ್ಟಿದ್ದೀಯಮ್ಮ?"

"ಆ ಫ್ಯಾನ್ ಸದ್ದಲ್ಲಿ ಏನೂ ಕೇಳಲ್ಲ ಅತ್ತೆ."

"ತ್ರಿಯೆಸ್ತೆ ಪೇಟೇಲಿ ಬಸ್ಸಿನ ಸದ್ದಲ್ಲಿ ಬೆಳೆದೋಳಿಗೆ ಇದೂ ಒಂದು ಸದ್ದಾ?"

ಕಣಿವೆಯ ಒಲೆಗಳನ್ನೆಲ್ಲ ಶುಚಿ ಮಾಡಿ ರಿಪೇರಿ ಮಾಡುವ ಎರ್ಮೆಸ್ ಗುರುವಾರ ಬಂದ. ಒಲೆಗಿಂತ ಮೊದಲು ಅವನು ನೋಡಿದ್ದು ಅದರ ಹಿಂದಿನ ಬಟ್ಟೆ ಸ್ಟ್ಯಾಂಡನ್ನು. ಕೂಸಿನ ಉಣ್ಣೆ ಒಲೆಯ ಬಿಸಿಗೇ ಒಣಗಬೇಕು ಎಂದು ನೀವೆಸ್ ದಿನಾ ಅಲ್ಲಿ ಟೋಪಿ, ಕಾಲುಚೀಲ ಹರವುತ್ತಿದ್ದಳು. ಅವನು ಒಲೆ ಆರಿಸಿ, ತಣಿಯಲು ಬಿಟ್ಟು, ವೈರು ಕಿತ್ತು ಹಿಂದಿನ ತಗಡು ಬಿಚ್ಚಿದ. ಬ್ಲೋವರಿನ ರೆಕ್ಕೆಗಳಿಂದ ಹಳದಿ, ಬಿಳಿ ಉಣ್ಣೆಯ ಮುದ್ದೆ ಎಳೆದ.

"ನೀವೆಸಕ್ಕ, ಇದ್ರಲ್ಲಿ ಇನ್ನೊಂದು ಟೋಪಿ ಹೆಣೀಬಹುದು."

"ನಮ್ಮನೇಲಿ ಯಾವಾಗ್ಲೂ ಒಲೆ ಪಕ್ಕಾನೇ ಒಣಗ್ಸಿದ್ದು."

"ಆ ಕಟ್ಟಿಗೆ ಒಲೆಗೆ ಫ್ಯಾನ್ ಎಲ್ಲಿತ್ತು? ಇದು ಹಿಂದಿಂದ ಗಾಳಿ ಎಳ್ಕೊಳ್ಳುತ್ತೆ. ಗಾಳಿ ಜೊತೆ ನಿಮ್ಮ ಉಣ್ಣೇನೂ."

ನೀವೆಸ್ ಸ್ಟ್ಯಾಂಡು ಎತ್ತಿ ಬಚ್ಚಲುಮನೆಯಲ್ಲಿಟ್ಟಳು. ಒಲೆ ಮತ್ತೆ ಹೊತ್ತಿತು. ಗುಳಿಗೆ ಬೀಳುವ ಟಿಕ್ ಟಿಕ್ ಬಿಟ್ಟರೆ ಸದ್ದೇ ಇಲ್ಲ. ಎರ್ಮೆಸ್ ಗ್ರಾಪ್ಪಾ ಸಾರಾಯಿ ಬೆರೆಸಿದ ಕಾಫಿ ಕುಡಿದು ಹೊರಟ. ನೀವೆಸ್ ಕೂಡ ತನ್ನ ಮನೆಗೆ ಹೋಗಲು ಕೋಟು ತೊಟ್ಟಳು.

"ಇನ್ನು ಕೂಸು ಉಸಿರಾಡಿದ್ರೂ ಕೇಳುತ್ತೆ, ತಗೋ."

ಮಧ್ಯಾಹ್ನ ಮೂರು ಗಂಟೆಗೆ ಅಗಾತಾ ಎದ್ದಳು. ಮೊದಲು ಕುಂಯ್ ಅಂತ, ಆಮೇಲೆ ಬಿಕ್ಕಿ ಬಿಕ್ಕಿ. ಅಷ್ಟೂ ಸ್ಪಷ್ಟವಾಗಿ ಕೇಳಿತು. ಇಲಾರಿಯಾ ಕೂತೇ ಇದ್ದಳು. ಮೇಜಿನ ಮೇಲಿನ ತನ್ನ ಕೈಗಳನ್ನು ನೋಡಿದಳು. ಯಾರೋ ಮರೆತು ಬಿಟ್ಟುಹೋದವುಗಳಂತೆ ಬಿದ್ದಿದ್ದವು. ಆ ಎರಡು ಸಲವೂ ಅಳು ಕೇಳಿತ್ತು. ತಪ್ಪನ್ನು ಸದ್ದಿನ ಮೇಲೆ ಹಾಕಿ ಕೂತಿದ್ದಳು, ಅಷ್ಟೆ. ಈಗ ತಪ್ಪು ಹೊರಿಸಲು ಏನೂ ಉಳಿದಿರಲಿಲ್ಲ.

ಎದ್ದಳು. ಮಗುವನ್ನು ಹೆಗಲಿಗೆ ಹಾಕಿಕೊಂಡಳು. ಅದು ಸುಮ್ಮನಾಯಿತು. ಅವಳಿಗೆ ಮಾತ್ರ ಜೋಮು ಹಿಡಿದ ಕೈಯಲ್ಲಿ ಏನನ್ನೋ ಹಿಡಿದಂತಿತ್ತು.

ಫ್ರಿಜ್ಜಿನ ಬಾಗಿಲಿಗೆ ಸೂಲಗಿತ್ತಿ ಲೊರೆದಾನಾಳ ನಂಬರು ಅಂಟಿಸಿತ್ತು. ಆಸ್ಪತ್ರೆಯಿಂದ ಹೊರಡುವಾಗ, ಏನೂ ಆಗದಿದ್ರೂ ಫೋನ್ ಮಾಡು ಎಂದು ಬರೆದುಕೊಟ್ಟಿದ್ದಳು. ಇಲಾರಿಯಾ ಒಂದು ಕೈಯಲ್ಲೇ ಒತ್ತಿದಳು.

"ಹೇಳಮ್ಮ, ಮಗು ಹೇಗಿದೆ?"

"ಮಗು ಚೆನ್ನಾಗಿದೆ. ಅದು ಅಳೋದು ನಂಗೆ ಕೇಳುತ್ತೆ," ಎಂದಳು ಇಲಾರಿಯಾ. "ಕೇಳಿದ್ರೂ ಒಳಗೆ ಏನೂ ಆಗಲ್ಲ ನಂಗೆ. ಅದಕ್ಕೇ ಫೋನ್ ಮಾಡಿದೆ."