ಬಾಣಂತಿ ಕೋಣೆಯ ಥಂಡಿ

ಮೊನ್ನೆ ಬೀರುವಿನ ತಳದಿಂದ ಹಳೆಯ ಜಮಖಾನವೊಂದನ್ನು ಎಳೆದೆ. ಮುಗ್ಗಲು ವಾಸನೆ ಮೂಗಿಗೆ ಬಡಿಯಿತು. ನಿಮಗಾದರೆ ಒಂದು ಸೀನು ಬಂದು ಹೋದೀತು. ನನಗೆ ಸಿಟ್ಟು ಬರುತ್ತದೆ. ಆ ವಾಸನೆಯ ಜೊತೆ ಒಂದಿಡೀ ಮಳೆಗಾಲ ಗುದ್ದಾಡಿ ಸೋತವನು ನಾನು.

ಎಪ್ಪತ್ತರ ದಶಕದ ಕೊನೆ, ಸಿಮೆಂಟಿಗೆ ಪರ್ಮಿಟ್ ಬೇಕಿದ್ದ ಕಾಲ. ಅಜ್ಜಂಪುರದ ನಮ್ಮ ಹೆಂಚಿನ ಮನೆಯ ಹಿಂದೆ ಅಪ್ಪ ಒಂದು ತಾರಸಿ ಕೋಣೆ ಕಟ್ಟಿಸಲು ಹೊರಟರು. ಕಡೂರಿಗೆ ಕೊಟ್ಟಿದ್ದ ತಂಗಿ ಗಿರಿಜ ಚೊಚ್ಚಲ ಹೆರಿಗೆಗೆ ತವರಿಗೆ ಬರುವವಳಿದ್ದಳು. ಬಾಣಂತಿಗೆ ಬೆಚ್ಚಗಿನ ಕೋಣೆ ಬೇಕೇಬೇಕೆಂದು ಅವ್ವನ ಹಟ. ಹಳೆಯ ಸೀರೆಗಳನ್ನೆಲ್ಲ ಒಗೆದು ಮಡಿಸಿಟ್ಟು ಕಾಯುತ್ತಿದ್ದಳು.

ಅಪ್ಪನ ಷರತ್ತು ಒಂದೇ: ಶಾಸ್ತ್ರದ ಪ್ರಕಾರ ಮಳೆನೀರೆಲ್ಲ ಈಶಾನ್ಯದಿಂದಲೇ ಹೊರಗೆ ಹೋಗಬೇಕು. ನಮ್ಮ ಹಿತ್ತಲೋ ನೈರುತ್ಯಕ್ಕೆ ಇಳಿಜಾರು. ಬೀದಿಯ ಚರಂಡಿಯೂ ಅತ್ತಲೇ. ತರೀಕೆರೆಯಿಂದ ಬಂದ ಗಾರೆ ಮೇಸ್ತ್ರಿ ಓಂಕಾರಪ್ಪ ತಲೆ ಕೆರೆದುಕೊಂಡ.

"ಯಜಮಾನ್ರೇ, ನೀರು ದಿಬ್ಬ ಹತ್ತಲ್ಲ ಕಣ್ರೀ."

"ಹೋಗುತ್ತೆ, ನೀನು ಕಟ್ಟು," ಎಂದರು ಅಪ್ಪ.

ಮೇಸ್ತ್ರಿ ನೈರುತ್ಯದಲ್ಲಿ ಮೊಣಕಾಲೆತ್ತರದ ಅಡ್ಡಗೋಡೆ ಕಟ್ಟಿ ನೀರಿನ ಹಳೆಯ ದಾರಿ ಮುಚ್ಚಿದ. ಈಶಾನ್ಯಕ್ಕೊಂದು ಚಂದದ ಮೋರಿ ಮಾಡಿದ.

ಮೊದಲ ಮಳೆಗೇ ಹೆಂಚಿನ ನೀರು, ತಾರಸಿಯ ನೀರು ಎರಡೂ ಸೇರಿ ಹೊಸ ಕೋಣೆಯ ಬುಡದಲ್ಲಿ ಕೆರೆಯಾಯಿತು. ಗೋಡೆ ಸೊಂಟದವರೆಗೆ ಥಂಡಿ ಹಿಡಿಯಿತು, ಸುಣ್ಣ ಹಪ್ಪಳದ ಹಾಗೆ ಎದ್ದಿತು. ಊರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದ ನಾನು ಪ್ರಯೋಗಕ್ಕೆ ಇಳಿದೆ. ಒಳಗೆ ಸಿಮೆಂಟು ಬಳಿದೆ. ಥಂಡಿ ಇನ್ನೊಂದು ಮೊಳ ಮೇಲೇರಿತು. ಡಾಂಬರು ಬಳಿದೆ, ಮುಗ್ಗಲಿನ ಜೊತೆ ಡಾಂಬರೂ ನಾರಿತು. ಇದ್ದಿಲ ಒಲೆ ಇಟ್ಟುಕೊಂಡು ಭಾನುವಾರವಿಡೀ ಕೂತೆ, ಒಣಗಿದ್ದು ನಾನೊಬ್ಬನೇ. ಬೀದಿಯಲ್ಲಿ ಹೋಗುವವರೆಲ್ಲ ಒಳಗೆ ಬಂದು ಗೋಡೆ ತಟ್ಟಿ, ಬುದ್ಧಿ ಹೇಳಿ, ಕಾಫಿ ಕುಡಿದು ಹೋದರು.

ಕೊನೆಗೆ ಗಿರಿಜಳ ಅತ್ತೆಯೇ ಕೋಣೆ ನೋಡಲು ಬಂದರು. ಗೋಡೆಗೆ ಅಂಗೈ ಒತ್ತಿ, ಸೆರಗಿಗೆ ಒರೆಸಿಕೊಂಡರು.

"ಬೀಗ್ರೇ, ತಪ್ಪು ತಿಳ್ಕೋಬೇಡಿ. ಹಸಿ ಬಾಣಂತೀನ ಈ ಗೋಡೆ ಪಕ್ಕ ಮಲಗ್ಸಕ್ಕಾಗಲ್ಲ. ನಮ್ಮನೇಲೇ ಆಗ್ಲಿ ಬಿಡಿ."

ಕಡೂರಿನ ಬಸ್ಸು ಹೊರಟ ಮೇಲೆ ಅವ್ವ ಗುದ್ದಲಿ ತಂದು ನೈರುತ್ಯದ ಅಡ್ಡಗೋಡೆಯನ್ನು ತಾನೇ ಒಡೆದಳು. ಅಪ್ಪ ಬೇಡ ಎನ್ನಲಿಲ್ಲ. ಅಷ್ಟು ದಿನದ ನೀರು ಅರ್ಧ ಗಂಟೆಯಲ್ಲಿ ಹರಿದುಹೋಯಿತು. ಆದರೆ ಗೋಡೆ ಒಣಗಲು ದೀಪಾವಳಿ ಬರಬೇಕಾಯಿತು. ಅಷ್ಟರಲ್ಲಿ ಗಿರಿಜ ಕಡೂರಿನಲ್ಲೇ ಹೆತ್ತಿದ್ದಳು. ಮೊದಲ ಮೊಮ್ಮಗನನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆಯುವ ಆಸೆ ಅವ್ವನಿಗೆ ಹಾಗೆಯೇ ಉಳಿಯಿತು. ಆ ವರ್ಷ ನಮ್ಮ ಮನೆಯಲ್ಲಿ ಬಾಣಂತನವಾದದ್ದು, ತೊಟ್ಟು ನೀರೂ ಕಾಣದ ಈಶಾನ್ಯದ ಮೋರಿಯಲ್ಲಿ ಮರಿ ಹಾಕಿದ ಬೆಕ್ಕಿಗೆ ಮಾತ್ರ.

ಬೈಗುಳವೆಲ್ಲ ಅಪ್ಪನ ಪಾಲಾಯಿತು. "ಅಪ್ಪಂಗೆ ಮಗಳಿಗಿಂತ ದಿಕ್ಕೇ ಹೆಚ್ಚಾಯ್ತು," ಎಂದು ಗಿರಿಜ ಬಂದಾಗಲೆಲ್ಲ ಅನ್ನುತ್ತಿದ್ದಳು. ನಾನೂ ತಲೆಯಾಡಿಸುತ್ತಿದ್ದೆ.

ನಿಮಗೊಂದು ವಿಷಯ ಹೇಳಿಲ್ಲ; ಯಾರಿಗೂ ಹೇಳಿರಲಿಲ್ಲ. ಮೇಸ್ತ್ರಿ ಬರುವ ದಿನ ಬೆಳಿಗ್ಗೆ ಅಪ್ಪ ನನ್ನನ್ನು ಹಿತ್ತಲಿಗೆ ಕರೆದು, "ನೀನು ಓದ್ದೋನು. ನೀರು ಈ ಕಡೆ ಹೋಗುತ್ತೇನಪ್ಪಾ? ಇಲ್ಲ ಅಂದ್ರೆ ಬಿಟ್ಬಿಡ್ತೀನಿ," ಎಂದು ಕೇಳಿದ್ದರು. ನನಗೆ ಶಾಲೆಗೆ ಹೊತ್ತಾಗಿತ್ತು. ಇವರ ಜೊತೆ ಯಾರು ವಾದ ಮಾಡುತ್ತಾರೆ ಎಂದುಕೊಂಡು "ಹೋಗುತ್ತೆ ಬಿಡಪ್ಪ" ಎಂದು ಸೈಕಲ್ ಹತ್ತಿದೆ. ಮೇಸ್ತ್ರಿಯ ಮುಂದೆ ಅಪ್ಪ ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಆ ಒಂದು ಮಾತಿನ ಧೈರ್ಯದ ಮೇಲೆ. ಸಾಯುವವರೆಗೂ ಅವರು ನನ್ನ ಹೆಸರು ಎತ್ತಲಿಲ್ಲ.

ಮೊನ್ನೆ ಜಮಖಾನದ ಆ ವಾಸನೆ ಬಡಿದ ಮೇಲೆ ತಡೆಯಲಾಗಲಿಲ್ಲ. ಗಿರಿಜಳಿಗೆ ಫೋನ್ ಮಾಡಿ ಎಲ್ಲ ಹೇಳಿಬಿಟ್ಟೆ. ಅವಳು ಬೈದರೆ ಹಗುರಾಗುತ್ತೇನೆ ಎಂದುಕೊಂಡಿದ್ದೆ.

"ಅಪ್ಪ ಇದ್ದಾಗ್ಲೇ ಹೇಳ್ಬಾರ್ದಿತ್ತೇನೋ," ಎಂದಳು. "ಕೊನೇವರ್ಗೂ ಅವ್ರಿಗೆ ಮುಖ ಕೊಟ್ಟು ಮಾತಾಡ್ಲಿಲ್ಲ ಕಣೋ ನಾನು."