ಖಡಾಖಂಡಿತ ಇಲ್ಲ ಎನ್ನುವ ಪಾಠ

ಕತಾರಿನ ರಾಸ್ ಲಫಾನ್ ಗ್ಯಾಸ್ ಸ್ಥಾವರದಲ್ಲಿ ನನ್ನ ಪಕ್ಕದ ಮೇಜಿನ ಚೀನಾದ ಇಂಜಿನಿಯರಿಗೆ ಯಾರಿಗೂ ‘ಇಲ್ಲ’ ಅನ್ನಲು ಬರುತ್ತಿರಲಿಲ್ಲ. ಆಗದ ಕೆಲಸಕ್ಕೂ ‘ಸ್ವಲ್ಪ ಕಷ್ಟವಾಗಬಹುದು’ ಎಂದು ನಕ್ಕುಬಿಡುತ್ತಿದ್ದ. ಕೇಳಿದವರು ಅದನ್ನು ಒಪ್ಪಿಗೆಯೆಂದೇ ತಿಳಿದು ಕೆಲಸ ಹೇರಿ ಹೋಗುತ್ತಿದ್ದರು. ಅವನ ಊರಿನಲ್ಲಿ ಅಷ್ಟು ಅಂದರೆ ಸಾಕಂತೆ, ಎಲ್ಲರಿಗೂ ಅರ್ಥವಾಗುತ್ತದಂತೆ. ಕಡೆಗೆ ಬೇಸತ್ತು, ಇಂಗ್ಲಿಷಿನಲ್ಲಿ ಖಡಾಖಂಡಿತವಾಗಿ ಇಲ್ಲ ಅನ್ನುವುದು ಹೇಗೆಂದು ಕಲಿಸಿಕೊಡು ಎಂದು ನನ್ನನ್ನು ಕೇಳಿದ.

ನನಗೋ ಮೇಷ್ಟ್ರಾಗುವ ಚಪಲ. ಸಂಜೆ ನಮ್ಮ ವಸತಿಯಿದ್ದ ಅಲ್ ವುಕೈರ್‌ಗೆ ಮರಳುವ ಕಂಪನಿ ಬಸ್ಸಿನಲ್ಲಿ ಪಾಠ ಶುರುವಾಯಿತು. ‘ನೋ ವೇ’, ‘ನಾಟ್ ಎ ಚಾನ್ಸ್’, ‘ಓವರ್ ಮೈ ಡೆಡ್ ಬಾಡಿ’. ಕೊನೆಯದಕ್ಕೆ ಅವನು ಬೆಚ್ಚಿಬಿದ್ದ. ಓವರ್‌ಟೈಮ್ ಬೇಡ ಅನ್ನಲು ಹೆಣ ಯಾಕೆ ಬೀಳಬೇಕು ಎಂದ. ಮ್ಯಾನೇಜರಿಗೆ ಮಧ್ಯದ್ದೇ ಸಾಕು ಎಂದು ಸಮಾಧಾನ ಹೇಳಿದೆ.

ಆ ಡಿಸೆಂಬರಿನಲ್ಲಿ ಇಬ್ಬರಿಗೂ ರಜೆ ಮಂಜೂರಾಗಿತ್ತು. ಸುರತ್ಕಲ್ಲಿನಲ್ಲಿದ್ದ ನನ್ನ ಮಗಳು ಶಾಲೆಯ ವಾರ್ಷಿಕೋತ್ಸವದಲ್ಲಿ ಮೊದಲ ಸಲ ಕುಣಿಯುವವಳಿದ್ದಳು. ಅವಳು ನಡೆಯಲು ಕಲಿತದ್ದನ್ನೂ, ಮುಂದಿನ ಹಲ್ಲು ಬಿದ್ದದ್ದನ್ನೂ ನಾನು ಫೋನಿನಲ್ಲೇ ನೋಡಿದವನು. ಇದೊಂದನ್ನಾದರೂ ಎದುರು ಕುಳಿತು ನೋಡಬೇಕೆಂಬ ಆಸೆ ತಿಂಗಳುಗಳಿಂದ ಇತ್ತು.

ಹೊರಡಲು ವಾರವಿದೆ ಎನ್ನುವಾಗ ಮ್ಯಾನೇಜರ್ ನಮ್ಮಿಬ್ಬರನ್ನೂ ಕರೆದರು. ಸ್ಥಾವರ ನಿಲ್ಲಿಸಿ ಮಾಡುವ ಶಟ್‌ಡೌನ್ ರಿಪೇರಿ ಕೆಲಸ ಮುಗಿದಿಲ್ಲ, ರಜೆ ಮುಂದೂಡಬಹುದೇ ಎಂದು ಕೇಳಿದರು. ನನ್ನ ಶಿಷ್ಯನ ಕಿವಿ ಕೆಂಪಾಯಿತು. ನೆಲ ನೋಡುತ್ತಾ, ಸಣ್ಣ ದನಿಯಲ್ಲಿ, “ನಾಟ್ ಎ ಚಾನ್ಸ್, ಸರ್” ಅಂದ. ಮ್ಯಾನೇಜರ್ ನಕ್ಕು, ಸರಿ ಹೋಗು ಎಂದರು. ಆಮೇಲೆ ನನ್ನ ಕಡೆ ತಿರುಗಿದರು. ಅಷ್ಟೆಲ್ಲ ಕಲಿಸಿದ ಮಹಾಶಯ ನಾನು “ಓಕೆ ಸರ್” ಅಂದೆ. ಹದಿನಾಲ್ಕು ವರ್ಷದಿಂದ ಬಾಯಿಗೆ ರೂಢಿಯಾದದ್ದು ಅದೊಂದೇ. ಆ ದಿನ ನನ್ನ ಮೇಲೆ ನನಗೇ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಸಂಜೆ ಮಗಳ ಫೋನ್ ಬಂತು. ಮೊದಲ ಸಾಲಿನಲ್ಲಿ ನನಗೊಂದು ಕುರ್ಚಿ ಇಡಲು ಟೀಚರಿಗೆ ಹೇಳಿದ್ದಾಳಂತೆ. ಬರುವುದಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಇಂಥ ಹೊತ್ತಿನಲ್ಲಿ ಇಲ್ಲ ಎನ್ನುವ ಬದಲು ನಮ್ಮ ಕಡೆಯವರು ‘ನೋಡೋಣ’ ಎಂಬರ್ಥದಲ್ಲಿ ಹೇಳುವುದನ್ನೇ ಹೇಳಿದೆ.

“ನೋಡುವ ಮಗಾ.”



“ಹಾಗಾದ್ರೆ ಕುರ್ಚಿ ಬೇಡ ಅಂತ ಟೀಚರಿಗೆ ಹೇಳ್ತೇನೆ ಅಪ್ಪಾ” ಅಂದಳು.